ಹರೆಯದ ಮಕ್ಕಳಿಗೆ ಸೈಕೋಸಿಸ್ ಬಂದಾಗ ಮೊದಲ ತಿಂಗಳಲ್ಲೇ ಸಹಾಯ ಸಿಗಬೇಕು: ನಮ್ಮ ಮೂರು ಜಿಲ್ಲೆಯಲ್ಲಿ ಏನಿದೆ, ಏನಿಲ್ಲ?

ಗಂಗಾವತಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ಕಡೆ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಚೆನ್ನಾಗಿ ಓದುತ್ತಿದ್ದ ಒಬ್ಬ ಹುಡುಗನೋ ಹುಡುಗಿಯೋ ವರ್ಷದ ನಡುವೆ ಕಾಲೇಜಿಗೆ ಬರುವುದನ್ನು ನಿಲ್ಲಿಸುತ್ತಾರೆ. ಮನೆಗೆ ಫೋನ್ ಮಾಡಿದರೆ "ಆರಾಮಿಲ್ಲ ಸರ್" ಅನ್ನುತ್ತಾರೆ, ಮುಂದೆ ಮಾತಿಲ್ಲ. ಗೆಳೆಯರನ್ನು ಕೇಳಿದರೆ ನಿಧಾನಕ್ಕೆ ಹೊರಗೆ ಬರುತ್ತದೆ. ರಾತ್ರಿಯೆಲ್ಲ ನಿದ್ದೆ ಇಲ್ಲ, ಒಬ್ಬನೇ ಮಾತಾಡ್ತಾನೆ, ಊಟದಲ್ಲಿ ಏನೋ ಬೆರೆಸಿದ್ದಾರೆ ಅಂತ ಅಮ್ಮನ ಮೇಲೇ ಸಂಶಯ, ಫೋನಿನ ಸಿಮ್ ಮುರಿದು ಹಾಕಿದ್ದಾನೆ. ಊರಿನವರು ಗಾಳಿ ಸೋಕಿದೆ ಅಂತಾರೆ. ತಾಯತ ಕಟ್ಟಿಸುತ್ತಾರೆ. ವರ್ಷ ಕಳೆಯುತ್ತದೆ.

ಇದರಲ್ಲಿ ಎಷ್ಟೋ ಸಲ ಇರುವುದು ಸೈಕೋಸಿಸ್. ಬೇರೆಯವರಿಗೆ ಕೇಳದ ಧ್ವನಿ ಕೇಳುವುದು, ಯಾರೋ ನನ್ನ ಹಿಂದೆ ಬಿದ್ದಿದ್ದಾರೆ ಅಂತ ಅಲ್ಲಾಡಿಸಲಾಗದ ನಂಬಿಕೆ, ಮಾತಿಗೆ ಮಾತು ಕೂಡದಿರುವುದು. ಹೆಚ್ಚಾಗಿ ಶುರುವಾಗುವುದೇ ಹದಿನೈದರಿಂದ ಮೂವತ್ತರ ಒಳಗೆ. ಅಂದರೆ ಓದು, ಕೆಲಸ, ಗೆಳೆತನ ಎಲ್ಲ ರೂಪ ಪಡೆಯುವ ವಯಸ್ಸಿನಲ್ಲಿ. ಕಾಯಿಲೆ ಶುರುವಾದ ದಿನದಿಂದ ಸರಿಯಾದ ಚಿಕಿತ್ಸೆ ಸಿಗುವ ದಿನದವರೆಗಿನ ಅಂತರ ಉದ್ದವಾದಷ್ಟೂ ಗುಣವಾಗುವುದು ಕಷ್ಟ ಅಂತ ಹಲವು ದೇಶಗಳ ಅಧ್ಯಯನಗಳು ಒಂದೇ ಮಾತು ಹೇಳಿವೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 1992ರಲ್ಲೇ ಇದಕ್ಕಾಗಿ ಬೇರೆ ಕೇಂದ್ರ ಶುರುವಾಯಿತು. ಇಂಗ್ಲೆಂಡಿನಲ್ಲಿ 2016ರಿಂದ, ಮೊದಲ ಸಲ ಸೈಕೋಸಿಸ್ ಬಂದವರಿಗೆ ಎರಡು ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವ ಗುರಿ ಇದೆ.

ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಏನಿದೆ? ಯಾರಿಗೆ ಎಲ್ಲಿ ಸಹಾಯ ಸಿಕ್ಕಿತು, ಎಲ್ಲಿ ಸಿಗಲಿಲ್ಲ, ದಯವಿಟ್ಟು ಬರೆಯಿರಿ. ಹೆಸರು ಬೇಡ, ಊರಿನ ದಿಕ್ಕು ಸಾಕು. ಎಲ್ಲರ ಮಾತು ಸೇರಿಸಿ ಜಿಲ್ಲಾ ಆರೋಗ್ಯ ಇಲಾಖೆಗೆ ಒಂದು ಮನವಿ ಕೊಡಬೇಕು ಅಂತ ನನ್ನ ಆಸೆ.


ಕೌಲ್‌ಬಜಾರ್ ಓದುಗ

ಮೇಷ್ಟ್ರೇ, ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬಳ್ಳಾರಿಯವರಿಗೇ ಇದು ಗೊತ್ತಿಲ್ಲ. ಇವತ್ತು ದೇಶದ ತುಂಬ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಬಳ್ಳಾರಿಯಲ್ಲಿ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಹೇಗೆ ನಡೆಸಬಹುದು ಅಂತ ನಿಮ್ಹಾನ್ಸ್‌ನವರು 1985ರಿಂದ 1990ರವರೆಗೆ ಮಾಡಿ ನೋಡಿದ್ದು ನಮ್ಮ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಮುಖ್ಯವಾದ ಮಾತ್ರೆಗಳು ಹಳ್ಳಿ ಮಟ್ಟದಲ್ಲೇ ಸಿಗುವಂತೆ ಮಾಡಿದರು. ಅದನ್ನೇ ಮಾದರಿ ಇಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಬೇರೆ ಜಿಲ್ಲೆಗಳಲ್ಲಿ ಶುರು ಮಾಡಿತು. ಪುಸ್ತಕಗಳಲ್ಲಿ ಇದಕ್ಕೆ "ಬಳ್ಳಾರಿ ಮಾದರಿ" ಅಂತಲೇ ಹೆಸರು.

ಆಗಿನ ಬಳ್ಳಾರಿ ಜಿಲ್ಲೆ ಅಂದರೆ ಹೊಸಪೇಟೆ, ಹಡಗಲಿ, ಕೂಡ್ಲಿಗಿ ಎಲ್ಲ ಸೇರಿ. ಈಗ ವಿಜಯನಗರ ಬೇರೆ ಜಿಲ್ಲೆಯಾಗಿದೆ. ದೇಶಕ್ಕೆ ದಾರಿ ತೋರಿಸಿದ ಜಿಲ್ಲೆಯಲ್ಲಿ ಹತ್ತೊಂಬತ್ತರ ಹುಡುಗನಿಗೆ ಎಲ್ಲಿ ಹೋಗಬೇಕು ಅಂತ ಗೊತ್ತಾಗುವುದಿಲ್ಲ ಅಂದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಮನವಿಯಲ್ಲಿ ಈ ಇತಿಹಾಸ ಬರಲೇಬೇಕು. ನಾವು ಯಾರದೋ ಊರಿನದನ್ನು ಬೇಡುತ್ತಿಲ್ಲ.


ಸಿಂಧನೂರು ತಾಯಿ

ನನ್ನ ಮಗಳಿಗೆ ಬಿಎಸ್ಸಿ ಎರಡನೇ ವರ್ಷದಲ್ಲಿ ಶುರುವಾಯಿತು. ಮೊದಲು ಸ್ನಾನ ಬಿಟ್ಟಳು. ಆಮೇಲೆ ಗೆಳತಿಯರು ವಾಟ್ಸಾಪ್ ಸ್ಟೇಟಸ್ ಹಾಕುವುದೆಲ್ಲ ತನ್ನ ಬಗ್ಗೇನೇ ಅಂತ ಅಳುತ್ತಿದ್ದಳು. ಓದಿನ ಒತ್ತಡ ಅಂದುಕೊಂಡೆವು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಹೆಣ್ಣು ಮಗಳಾದರೆ ಮನೆಯಲ್ಲಿ ಇನ್ನೂ ಜಾಸ್ತಿ ಮುಚ್ಚಿಡುತ್ತಾರೆ. ಸಂಬಂಧಿಕರ ಮೊದಲ ಮಾತು "ಮದುವೆ ಮಾಡಿ, ಎಲ್ಲ ಸರಿ ಹೋಗುತ್ತೆ". ಹತ್ತಿರದವರೇ ಒಂದು ಸಂಬಂಧ ಕೂಡ ತಂದರು. ನಾನು ಒಪ್ಪಲಿಲ್ಲ. ಕಾಯಿಲೆಯ ನಡುವೆ ಮದುವೆಯಾಗಿ, ಮಾತ್ರೆ ಬಚ್ಚಿಟ್ಟುಕೊಂಡು ನುಂಗಿ, ಆಮೇಲೆ ಗೊತ್ತಾಗಿ ತವರಿಗೆ ವಾಪಸ್ಸು ಬಂದ ಹೆಣ್ಣು ಮಕ್ಕಳನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ.

ನಮಗೆ ಮೊದಲು ತೋರಿಸಿದ ಕಡೆ ವೈದ್ಯರು ಮಗಳ ಜೊತೆ ಒಂದು ಮಾತೂ ಆಡಲಿಲ್ಲ. ನನ್ನನ್ನೇ ಎರಡು ಪ್ರಶ್ನೆ ಕೇಳಿ ಚೀಟಿ ಬರೆದು ಕೊಟ್ಟರು. ಯಾವ ಕಾಯಿಲೆ, ಎಷ್ಟು ದಿನ ಮಾತ್ರೆ, ಏನೂ ಹೇಳಲಿಲ್ಲ. ಅವಳು ಮೂರನೇ ದಿನಕ್ಕೆ ಮಾತ್ರೆ ಉಗುಳಿದಳು. ಆಮೇಲೆ ರಾಯಚೂರಿನಲ್ಲಿ ಇನ್ನೊಬ್ಬರು ಸಿಕ್ಕರು. ಅವರು ಮಗಳನ್ನು ಕೂರಿಸಿಕೊಂಡು "ನಿನಗೆ ಯಾವುದು ಜಾಸ್ತಿ ತೊಂದರೆ ಕೊಡುತ್ತಿದೆ?" ಅಂತ ಕೇಳಿದರು. ಅವಳು "ನಿದ್ದೆ" ಅಂದಳು. ನಿದ್ದೆಯಿಂದಲೇ ಶುರು ಮಾಡೋಣ ಅಂದರು. ಅವತ್ತಿನಿಂದ ಅವಳು ಮಾತ್ರೆಗೆ ಒಪ್ಪಿದಳು. ಈಗ ಡಿಗ್ರಿ ಮುಗಿಸಿದ್ದಾಳೆ. ಮಾತ್ರೆ ನಡೆಯುತ್ತಿದೆ.

ನನ್ನ ದೂರು ಒಂದೇ. ಒಂದು ಸಲ ನಾವು ತೋರಿಸುವ ದಿನ ತಪ್ಪಿಸಿದೆವು, ನಾಟಿ ಕೆಲಸ ಇತ್ತು. "ಯಾಕೆ ಬರಲಿಲ್ಲ?" ಅಂತ ಯಾರೂ ಒಂದು ಫೋನ್ ಮಾಡಲಿಲ್ಲ. ನಾನು ಬಿಡದ ತಾಯಿ, ಅದಕ್ಕೆ ಮತ್ತೆ ಹೋದೆ. ಬಿಡುವವರು ಎಷ್ಟು ಜನ ಇರಬಹುದು, ಯೋಚಿಸಿ.


ಕಂಪ್ಲಿ 583

ಗಾಂಜಾ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಕಡೆ ಹುಡುಗರ ಕೈಗೆ ಸುಲಭಕ್ಕೆ ಸಿಗುತ್ತಿದೆ. ಅದೇ ಕಾರಣ ಅಲ್ವಾ?


ವಾರ್ಡ್ ನರ್ಸ್

ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೆಲಸ ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ನಾನು ವೈದ್ಯೆ ಅಲ್ಲ, ಆದರೆ ವೈದ್ಯರಿಗಿಂತ ಜಾಸ್ತಿ ಹೊತ್ತು ಈ ಮಕ್ಕಳ ಜೊತೆ, ತಾಯಂದಿರ ಜೊತೆ ಕೂತಿದ್ದೇನೆ.

ಕಂಪ್ಲಿಯವರಿಗೆ ಮೊದಲು. ಗಾಂಜಾ ಸೈಕೋಸಿಸ್ ಬರುವ ಅಪಾಯ ಹೆಚ್ಚಿಸುತ್ತದೆ, ಅದರಲ್ಲೂ ಚಿಕ್ಕ ವಯಸ್ಸಿನಲ್ಲಿ ದಿನಾ ಸೇದುವವರಿಗೆ. ಬಂದವರು ಸೇದುವುದನ್ನು ಮುಂದುವರಿಸಿದರೆ ಮತ್ತೆ ಮತ್ತೆ ಮರುಕಳಿಸುತ್ತದೆ. ಆದರೆ ಗಾಂಜಾ ಮುಟ್ಟದ ಎಷ್ಟೋ ಮಕ್ಕಳಿಗೂ ಬರುತ್ತದೆ. "ಸೇದಿದ್ದಕ್ಕೆ ಹೀಗಾಯ್ತು, ಅನುಭವಿಸಲಿ" ಅಂತ ಅಪ್ಪಂದಿರು ಆಸ್ಪತ್ರೆಗೇ ಕರೆತರದೆ ಬಿಟ್ಟಿದ್ದನ್ನು ನೋಡಿದ್ದೇನೆ. ಕಾರಣ ಏನೇ ಇರಲಿ, ಚಿಕಿತ್ಸೆ ಬೇಕೇ ಬೇಕು. ಪೊಲೀಸರಿಗೆ ಗೊತ್ತಾಗುತ್ತೆ ಅಂತ ಹೆದರಿ ವೈದ್ಯರ ಹತ್ತಿರ ಗಾಂಜಾ ವಿಷಯ ಮುಚ್ಚಿಡಬೇಡಿ. ರೋಗಿಯ ಮಾಹಿತಿ ಗುಟ್ಟಾಗಿ ಇಡಬೇಕು ಅಂತ ಕಾನೂನೇ ಇದೆ.

ಇನ್ನು ಮೊದಲ ವಾರಗಳ ಬಗ್ಗೆ. ಮನೆಯವರು ಆಸ್ಪತ್ರೆಗೆ ಬರುತ್ತಾರೆ, ಮಾತ್ರೆ ಶುರುವಾಗುತ್ತದೆ, ಆದರೂ ಅಲ್ಲೇ ಕೈ ತಪ್ಪಿ ಹೋಗುತ್ತಾರೆ. ಯಾಕೆ ಗೊತ್ತಾ? ಕೆಲವರಿಗೆ, ಅದರಲ್ಲೂ ಹರೆಯದ ಹುಡುಗರಿಗೆ, ಕೆಲವು ಮಾತ್ರೆ ಅಥವಾ ಇಂಜೆಕ್ಷನ್ ಶುರುವಾದ ಮೊದಲ ದಿನಗಳಲ್ಲಿ ಕುತ್ತಿಗೆ ಒಂದು ಕಡೆ ತಿರುಗಿ ಬಿಗಿದುಕೊಳ್ಳುತ್ತದೆ. ಕಣ್ಣುಗುಡ್ಡೆ ಮೇಲಕ್ಕೆ ಹೋಗುತ್ತದೆ. ನಾಲಿಗೆ ದಪ್ಪ ಆದಂತೆ ಆಗುತ್ತದೆ. ನೋಡುವವರಿಗೆ ಜೀವ ಹೋದಂತಾಗುತ್ತದೆ. "ನೋಡಿ, ಮೈಮೇಲಿದ್ದದ್ದು ಈಗ ಎದ್ದಿದೆ" ಅಂತ ಯಾರೋ ಹೇಳುತ್ತಾರೆ. ಮಾತ್ರೆ ಕಸದ ಬುಟ್ಟಿಗೆ ಹೋಗುತ್ತದೆ. ಅದು ಔಷಧಿಯ ಅಡ್ಡ ಪರಿಣಾಮ ಅಷ್ಟೇ. ಯಾವ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ತಿನ್ನುತ್ತಿರುವ ಮಾತ್ರೆ ತೋರಿಸಿದರೂ ಒಂದು ಇಂಜೆಕ್ಷನ್ ಕೊಡುತ್ತಾರೆ, ಬೇಗ ಸಡಿಲ ಆಗುತ್ತದೆ. ಆಮೇಲೆ ವೈದ್ಯರು ಪ್ರಮಾಣ ಕಡಿಮೆ ಮಾಡುತ್ತಾರೆ, ಇಲ್ಲ ಬೇರೆ ಮಾತ್ರೆ ಕೊಡುತ್ತಾರೆ. ಈ ಒಂದು ಮಾತನ್ನು ಮೊದಲ ದಿನವೇ ಮನೆಯವರಿಗೆ ಹೇಳಿ ಕಳಿಸಿದರೆ ಎಷ್ಟೋ ಮಕ್ಕಳು ಉಳಿಯುತ್ತಾರೆ. ಗಡಿಬಿಡಿಯಲ್ಲಿ ಹೇಳುವವರಿಲ್ಲ.

ಕೆಲವರಿಗೆ ಕೂತಲ್ಲಿ ಕೂರಲಾಗದಷ್ಟು ಚಡಪಡಿಕೆ ಆಗುತ್ತದೆ. ಅದನ್ನು ಕಾಯಿಲೆ ಜಾಸ್ತಿ ಆಯ್ತು ಅಂದುಕೊಳ್ಳುತ್ತಾರೆ. ಒಲಾನ್ಜಪಿನ್ ಅನ್ನುವ ಮಾತ್ರೆ ತಗೊಂಡವರಿಗೆ ಹಸಿವು ಹೆಚ್ಚಿ ತೂಕ ಏರುತ್ತದೆ, ಸಕ್ಕರೆ ನೋಡಿಸುತ್ತಿರಬೇಕು. ಹರೆಯದ ಹುಡುಗ ಹುಡುಗಿಗೆ ದಪ್ಪಗಾಗುವುದು ಸಣ್ಣ ವಿಷಯ ಅಲ್ಲ. ಅದಕ್ಕೇ ಮಾತ್ರೆ ಬಿಡುವವರೂ ಇದ್ದಾರೆ. ಬಿಡುವ ಮೊದಲು ಬಂದು ಹೇಳಿ, ಬದಲಿ ಇದೆ.

ಸ್ವಲ್ಪ ಆರಾಮಾದ ತಕ್ಷಣ ನಿಲ್ಲಿಸುವುದು ಇನ್ನೊಂದು ದೊಡ್ಡ ತೊಂದರೆ. ಮೊದಲ ಸಲ ಬಂದದ್ದಾದರೆ, ಪೂರ್ತಿ ಆರಾಮಾದ ಮೇಲೂ ಒಂದೆರಡು ವರ್ಷ ಮಾತ್ರೆ ಮುಂದುವರಿಸಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಯಾರಿಗೆ ಎಷ್ಟು ದಿನ ಅನ್ನುವುದನ್ನು ವೈದ್ಯರೇ ಹೇಳಬೇಕು. ನಿಲ್ಲಿಸುವುದಾದರೂ ಅವರ ಕಣ್ಣೆದುರು, ನಿಧಾನಕ್ಕೆ.


ಮುನಿರಾಬಾದ್ ಅಣ್ಣ

ನೀವೆಲ್ಲ ಬರೆಯುತ್ತಿರುವುದು ಸರಿ ಇದೆ. ಆದರೆ ದೇವರಿಗೆ ಹೋಗುವವರನ್ನು ದಡ್ಡರ ಥರ ನೋಡಬೇಡಿ. ನಾನು ಹುಲಿಗಿಯ ಹುಲಿಗೆಮ್ಮನ ಗುಡಿ ಪಕ್ಕದಲ್ಲೇ ಬೆಳೆದವನು. ಹುಣ್ಣಿಮೆಗೆ ಅಲ್ಲಿಗೆ ಬರುವ ಜನರಲ್ಲಿ ಎಷ್ಟು ತಾಯಂದಿರು ಇಂಥ ಮಕ್ಕಳ ಕೈ ಹಿಡಿದು ಬಂದಿರುತ್ತಾರೆ ಅಂತ ಕಣ್ಣಾರೆ ನೋಡಿದ್ದೇನೆ. ಅಮ್ಮನ ಮುಂದೆ ಅತ್ತರೆ ಅವರಿಗೆ ಧೈರ್ಯ ಬರುತ್ತದೆ. ಆಸ್ಪತ್ರೆಯಲ್ಲಿ ಅಳಲು ಜಾಗ ಎಲ್ಲಿದೆ?

ದರ್ಗಾಕ್ಕೆ ಹೋಗುವವರೂ ಹಾಗೇ. ಅವರಿಗೆ ಬಯ್ದರೆ ನಾಳೆ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ.


ವಾರ್ಡ್ ನರ್ಸ್

ಅಣ್ಣಾ, ನಿಮ್ಮ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಹರಕೆ ಹೊರಲಿ, ಅಂಗಾರ ಹಚ್ಚಲಿ, ಯಾರೂ ಬೇಡ ಅನ್ನಬಾರದು. ನಾನು ಬೇಡ ಅನ್ನುವುದು ಹೊಡೆಯುವುದಕ್ಕೆ, ಉಪವಾಸ ಕೆಡವುವುದಕ್ಕೆ, ಹೊಗೆ ಹಾಕುವುದಕ್ಕೆ, ಸರಪಳಿ ಕಟ್ಟುವುದಕ್ಕೆ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿ ದರ್ಗಾದ ಹತ್ತಿರ ಮನೋರೋಗಿಗಳನ್ನು ಇಟ್ಟಿದ್ದ ಕಡೆ ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದ 28 ಜನ ಓಡಲಾಗದೆ ಸತ್ತರು. ಅದನ್ನು ನಾವು ಮರೆಯಬಾರದು.

ಗುಜರಾತಿನ ಉನಾವಾದಲ್ಲಿ ಮೀರಾ ದಾತಾರ್ ದರ್ಗಾ ಇದೆ. ಅಲ್ಲಿ ದರ್ಗಾದ ಮುಜಾವರರೂ ಮನೋವೈದ್ಯರೂ ಸೇರಿ "ದವಾ ದುವಾ" ಅಂತ ಕೆಲಸ ಮಾಡಿದ್ದಾರೆ. ಪ್ರಾರ್ಥನೆಯೂ ನಡೆಯಲಿ, ಅಲ್ಲೇ ಮಾತ್ರೆಯೂ ಸಿಗಲಿ ಅಂತ. ಹುಲಿಗಿಯಲ್ಲಿ ಹುಣ್ಣಿಮೆ ದಿನ ಆರೋಗ್ಯ ಇಲಾಖೆಯ ಒಂದು ಟೇಬಲ್ಲು, ಇಬ್ಬರು ಸಿಬ್ಬಂದಿ ಇದ್ದರೆ ಎಷ್ಟು ಚೆಂದ ಅಲ್ವಾ? ಕೊಪ್ಪಳದ ಗವಿಮಠದ ಜಾತ್ರೆಗೂ ಇದೇ ಮಾತು. ಅಲ್ಲಿ ಸೇರುವಷ್ಟು ಜನ ಯಾವ ಆರೋಗ್ಯ ಶಿಬಿರಕ್ಕೆ ಸೇರುತ್ತಾರೆ?


ಮುನಿರಾಬಾದ್ ಅಣ್ಣ

ಇದು ಆಗಬೇಕು. ಪೂಜಾರಿಗಳ ಹತ್ತಿರ ಮಾತಾಡಲು ನಾನು ಬರುತ್ತೇನೆ.


ತೋರಣಗಲ್ಲು ಫಿಟ್ಟರ್

ನಾನೇ ಈ ಕಾಯಿಲೆ ಕಂಡವನು. ಡಿಪ್ಲೊಮಾ ಓದುವಾಗ ಶುರುವಾಯಿತು. ಹಾಸ್ಟೆಲಿನ ಫ್ಯಾನಿನ ಸದ್ದಿನೊಳಗೆ ಇಬ್ಬರು ನನ್ನ ಬಗ್ಗೆ ಮಾತಾಡುತ್ತಿದ್ದರು. ಒಬ್ಬನಿಗೆ ನಮ್ಮ ಸೋದರಮಾವನ ಧ್ವನಿ. ನೀವು ಹೊರಗಿನಿಂದ ನೋಡುವವರು "ಅದು ಸುಳ್ಳು, ಯಾರೂ ಇಲ್ಲ" ಅಂತೀರಿ. ನನಗೆ ಅದು ನಿಮ್ಮ ಮಾತಿಗಿಂತ ಸ್ಪಷ್ಟವಾಗಿ ಕೇಳುತ್ತಿತ್ತು. ಸುಳ್ಳು ಅಂದವರ ಮೇಲೆ ನಂಬಿಕೆ ಹೋಗುತ್ತಿತ್ತು. ನನ್ನ ರೂಮ್‌ಮೇಟ್ ಮಾತ್ರ "ನನಗೆ ಕೇಳ್ತಿಲ್ಲ, ಆದ್ರೆ ನಿನಗೆ ಹೆದರಿಕೆ ಆಗ್ತಿದೆ ಅಂತ ಕಾಣ್ತಿದೆ, ನಾನು ಇಲ್ಲೇ ಮಲಗ್ತೀನಿ" ಅಂದ. ಅವನ ಜೊತೆಗೇ ನಾನು ಆಸ್ಪತ್ರೆಗೆ ಹೋದದ್ದು. ಮನೆಯವರು ಕರೆದಿದ್ದರೆ ಖಂಡಿತ ಹೋಗುತ್ತಿರಲಿಲ್ಲ.

ಮಾತ್ರೆಯಿಂದ ಧ್ವನಿ ಸಣ್ಣದಾಯಿತು, ಆಮೇಲೆ ನಿಂತಿತು. ಆದರೆ ಧ್ವನಿ ನಿಂತ ಮೇಲಿನ ವರ್ಷವೇ ನನಗೆ ಜಾಸ್ತಿ ಕಷ್ಟ ಆಯಿತು. ಇದನ್ನು ಯಾರೂ ಬರೆಯುವುದಿಲ್ಲ. ಮೈ ಭಾರ, ಏನೂ ಬೇಡ ಅನ್ನಿಸುವುದು, ಗೆಳೆಯರೆಲ್ಲ ಮುಂದೆ ಹೋಗಿದ್ದಾರೆ. ಮನೆಯಲ್ಲಿ "ಈಗ ಆರಾಮಿದ್ದೀಯಲ್ಲ, ಯಾಕೆ ಮಲಗಿರ್ತೀಯ?" ಅಂತ ದಿನಾ ಮಾತು. ಸೋಮಾರಿತನ ಅಂದುಕೊಂಡರು. ಅದೂ ಕಾಯಿಲೆಯದೇ ಭಾಗ ಅಂತ ನನಗೂ ಗೊತ್ತಿರಲಿಲ್ಲ. ಆಗ ಜೀವ ಬೇಡ ಅನ್ನಿಸಿದ ದಿನಗಳೂ ಇದ್ದವು. ಮೊದಲ ವರ್ಷಗಳಲ್ಲಿ ಆತ್ಮಹತ್ಯೆಯ ಅಪಾಯ ಜಾಸ್ತಿ ಅಂತ ಆಮೇಲೆ ವೈದ್ಯರು ಹೇಳಿದರು. ಧ್ವನಿ ನಿಂತಿತು ಅಂತ ಮನೆಯವರು ಕಣ್ಣು ತೆಗೆಯಬಾರದು.

ನನ್ನನ್ನು ಎತ್ತಿದ್ದು ಕೆಲಸ. ಪರಿಚಯದವರ ವರ್ಕ್‌ಶಾಪಿನಲ್ಲಿ ಮೊದಲು ಅರ್ಧ ದಿನ ಹೋಗುತ್ತಿದ್ದೆ. ಬೆಳಗಿನ ಪಾಳಿ ಬೇಡ, ಮಾತ್ರೆಯಿಂದ ನಿದ್ದೆ ಬರುತ್ತೆ ಅಂದಾಗ ಅವರು ಒಪ್ಪಿದರು. ಈಗ ಪೂರ್ತಿ ಕೆಲಸ. ರಾತ್ರಿ ಪಾಳಿ ಮಾಡುವುದಿಲ್ಲ, ನಿದ್ದೆ ಕೆಟ್ಟರೆ ನನಗೆ ಆಗುವುದಿಲ್ಲ ಅಂತ ಗೊತ್ತಾಗಿದೆ. ಮನವಿಯಲ್ಲಿ ಬರೀ ಡಾಕ್ಟರು, ಮಾತ್ರೆ ಅಂತ ಬರೆಯಬೇಡಿ. ಓದಿಗೆ, ಕೆಲಸಕ್ಕೆ ವಾಪಸ್ಸು ಕರೆದುಕೊಂಡು ಹೋಗುವ ಒಬ್ಬ ಮನುಷ್ಯ ಬೇಕು ಅಂತ ಬರೆಯಿರಿ.


ಗಂಗಾವತಿ ಮೇಷ್ಟ್ರು

ತಮ್ಮಾ, ಇದನ್ನು ಬರೆದದ್ದಕ್ಕೆ ಕೈ ಮುಗಿಯುತ್ತೇನೆ. ನೀನು ಹೇಳಿದ್ದೇ ಆ ಸೇವೆಯ ತಿರುಳು. ಮೆಲ್ಬರ್ನ್ ಇರಲಿ, ಡೆನ್ಮಾರ್ಕ್ ಇರಲಿ, ಅಲ್ಲೆಲ್ಲ ಒಂದು ತಂಡ ಒಬ್ಬ ಹುಡುಗನನ್ನು ಎರಡು ಮೂರು ವರ್ಷ ಬಿಡದೆ ನೋಡಿಕೊಳ್ಳುತ್ತದೆ. ಮಾತ್ರೆ, ಮಾತುಕತೆ, ಮನೆಯವರಿಗೆ ತಿಳಿವಳಿಕೆ, ಓದು ಮತ್ತು ಕೆಲಸಕ್ಕೆ ಸಹಾಯ, ಎಲ್ಲ ಒಂದೇ ಕಡೆ.

ಚೆನ್ನೈನಲ್ಲಿ ಸ್ಕಾರ್ಫ್ ಅಂತ 1984ರಿಂದ ಇರುವ ಸಂಸ್ಥೆ ಇದನ್ನು ನಡೆಸುತ್ತಿದೆ. ಅವರೂ ಕೆನಡಾದ ಮಾಂಟ್ರಿಯಲ್‌ನವರೂ ಸೇರಿ, ಮೊದಲ ಸಲ ಸೈಕೋಸಿಸ್ ಬಂದವರನ್ನು ಎರಡು ವರ್ಷ ನೋಡಿ ಹೋಲಿಸಿದ್ದಾರೆ. ಈ ತಮ್ಮ ಹೇಳಿದ "ಏನೂ ಬೇಡ ಅನ್ನಿಸುವ" ಲಕ್ಷಣಗಳು ಚೆನ್ನೈನವರಲ್ಲಿ ಜಾಸ್ತಿ ಸುಧಾರಿಸಿದ್ದವು. ಚಿಕಿತ್ಸೆಯ ನಡುವೆ ಬಿಟ್ಟು ಹೋದವರೂ ಅಲ್ಲಿ ಕಡಿಮೆ. ಮನೆಯವರ ಆಸರೆ ಅಲ್ಲಿ ಹೆಚ್ಚು ಅನ್ನುವುದೂ ಕಂಡಿತು. ಅಂದರೆ ಹಣ ಇರುವ ದೇಶದಲ್ಲೇ ಇದು ಸಾಧ್ಯ ಅನ್ನುವ ಮಾತು ಸುಳ್ಳು. ನಮ್ಮ ಮನೆಗಳಲ್ಲಿ ಆ ಶಕ್ತಿ ಇದೆ. ಅದಕ್ಕೆ ಜೊತೆ ಕೊಡುವವರು ಬೇಕು.


ಹೊಸಪೇಟೆ ಪದವೀಧರ

ನಂದು ಬೇರೆ ಅಭಿಪ್ರಾಯ. ಹರೆಯದ ಮಕ್ಕಳು ಮೌನ ಆಗುವುದು, ರೂಮಿನಲ್ಲಿ ಬಾಗಿಲು ಹಾಕಿಕೊಳ್ಳುವುದು ಎಲ್ಲ ಸಹಜ. ಪ್ರತಿಯೊಬ್ಬರನ್ನೂ ಮನೋರೋಗ ಅಂತ ಹಿಡಿದು ಮಾತ್ರೆ ತಿನ್ನಿಸಿದರೆ? ಒಂದು ಸಲ ಹೆಸರು ಬಿದ್ದರೆ ನಮ್ಮ ಊರುಗಳಲ್ಲಿ ಅಳಿಸುವುದಿಲ್ಲ. ಬೇಗ ಹಿಡಿಯಿರಿ ಅನ್ನುವ ಉತ್ಸಾಹದಲ್ಲಿ ಇದನ್ನು ಮರೆಯಬಾರದು.


ವಾರ್ಡ್ ನರ್ಸ್

ನಿಮ್ಮ ಆತಂಕ ಸರಿಯಾದದ್ದೇ. ಬೇಗ ನೋಡುವುದು ಅಂದರೆ ಬೇಗ ಮಾತ್ರೆ ಕೊಡುವುದು ಅಂತ ಅಲ್ಲ. ಬೇಗ ಕೂತು ಮಾತಾಡುವುದು. ಬಾಗಿಲು ಹಾಕಿಕೊಂಡ ಎಲ್ಲ ಮಕ್ಕಳಿಗೂ ಸೈಕೋಸಿಸ್ ಇರುವುದಿಲ್ಲ. ಖಿನ್ನತೆ ಇರಬಹುದು, ಪ್ರೀತಿ ಮುರಿದಿರಬಹುದು, ಸಾಲದ ಆ್ಯಪ್‌ನವರು ಪೀಡಿಸುತ್ತಿರಬಹುದು. ಬಾಣಂತಿಯರಲ್ಲಿ ಬರುವುದು ಬೇರೆ ಥರ, ಅದು ತುರ್ತು. ಥೈರಾಯ್ಡ್, ಫಿಟ್ಸ್, ಮೆದುಳಿನ ಸೋಂಕು ಕೂಡ ಹೀಗೇ ಕಾಣಿಸಬಹುದು, ಅದಕ್ಕೇ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಕೆಲವರಿಗೆ ಕೆಲವೇ ವಾರದಲ್ಲಿ ಪೂರ್ತಿ ವಾಸಿಯಾಗಿ ಮತ್ತೆ ಬರುವುದೇ ಇಲ್ಲ. ಅದಕ್ಕೇ ಮೊದಲ ದಿನವೇ ಸ್ಕಿಜೋಫ್ರೀನಿಯಾ, ಅಂದರೆ ಸೈಕೋಸಿಸ್ ದೀರ್ಘವಾಗಿ ಕಾಡುವ ಕಾಯಿಲೆ, ಅಂತ ಹೆಸರಿಡಲು ಒಳ್ಳೆಯ ವೈದ್ಯರು ಆತುರ ಪಡುವುದಿಲ್ಲ.

ಇನ್ನು ಹೆಸರು ಬೀಳುವ ಮಾತು. ಚಿಕಿತ್ಸೆ ಇಲ್ಲದೆ ಒಂದು ವರ್ಷ ಬೀದಿಯಲ್ಲಿ ಓಡಾಡಿದ ಹುಡುಗನಿಗೆ ಬೀಳುವಷ್ಟು ಕೆಟ್ಟ ಹೆಸರು, ಸದ್ದಿಲ್ಲದೆ ಮಾತ್ರೆ ತಗೊಂಡು ಕಾಲೇಜಿಗೆ ವಾಪಸ್ಸು ಹೋದವನಿಗೆ ಬೀಳುವುದಿಲ್ಲ.


ಹೊಸಪೇಟೆ ಪದವೀಧರ

ಕೊನೆಯ ಮಾತು ಒಪ್ಪಿದೆ. ಮನವಿಯಲ್ಲಿ "ಮೊದಲು ಮಾತುಕತೆ, ಪರೀಕ್ಷೆ" ಅನ್ನುವುದನ್ನು ಸ್ಪಷ್ಟವಾಗಿ ಸೇರಿಸಿ. ಸೇರಿಸಿದರೆ ನನ್ನ ಸಹಿಯೂ ಇರಲಿ.


ದೇವದುರ್ಗ ಆಶಾ

ನಾನು ಆಶಾ ಕಾರ್ಯಕರ್ತೆ. ಮೇಲೆ ಬರೆದ ಸೇವೆಗಳೆಲ್ಲ ನಮ್ಮ ಹಳ್ಳಿ ತನಕ ಬರುವ ಹೊತ್ತಿಗೆ ಕಾಲುವೆಯ ಕೊನೆ ಭಾಗದ ಹೊಲಕ್ಕೆ ನೀರು ಬಂದಂತೆ. ಕಾಗದದಲ್ಲಿ ಇರುತ್ತದೆ.

ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಇದೆ. ಒಳ್ಳೆಯದೇ. ಆದರೆ ಅದು ಇದೆ ಅಂತ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಬಾಣಂತಿ, ಲಸಿಕೆ, ಕ್ಷಯ ಎಲ್ಲದಕ್ಕೂ ನಮ್ಮ ಹತ್ತಿರ ಪಟ್ಟಿ ಇದೆ. ಕ್ಷಯದ ರೋಗಿ ಮಾತ್ರೆ ಬಿಟ್ಟರೆ ನಾವು ಮನೆಗೆ ಹೋಗಿ ಕೇಳುತ್ತೇವೆ. ಈ ಮಕ್ಕಳಿಗೂ ಹಾಗೆ ಒಂದು ಪಟ್ಟಿ ಮಾಡಿ, ಯಾರು ಬಂದಿಲ್ಲ ಅಂತ ನಮಗೆ ಹೇಳಿದರೆ ನಾವು ಹೋಗುತ್ತೇವೆ. ಆ ಕೆಲಸಕ್ಕೆ ಗೌರವಧನ ಕೊಡಬೇಕು, ಅದನ್ನೂ ಬರೆಯಿರಿ. ಸುಮ್ನೆ ಇನ್ನೊಂದು ಕೆಲಸ ತಲೆ ಮೇಲೆ ಹಾಕಬೇಡಿ.

ಇನ್ನೊಂದು. ನಮ್ಮ ಕಡೆ ಎಷ್ಟೋ ಕುಟುಂಬ ದುಡಿಯಲು ಬೆಂಗಳೂರಿಗೆ ಹೋಗುತ್ತಾರೆ. ಹುಡುಗನಿಗೆ ಅಲ್ಲಿ ಶುರುವಾಗುತ್ತದೆ, ಊರಿಗೆ ಕರೆತಂದು ಬಿಡುತ್ತಾರೆ, ಅಜ್ಜಿಯ ಹತ್ತಿರ. ಅಜ್ಜಿ ಅವನನ್ನು ಯಾವ ಬಸ್ಸಿಗೆ ಹತ್ತಿಸಿಕೊಂಡು ಹೋಗಬೇಕು? ಹೆಂಗಸರಿಗೆ ಬಸ್ ಉಚಿತ ಇದೆ, ಹುಡುಗನಿಗೆ ಇಲ್ಲ. ರಾಯಚೂರಿಗೆ ಹೋಗಿ ಬರುವ ಖರ್ಚು, ಒಂದು ದಿನದ ಕೂಲಿ. ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು.


ಕೌಲ್‌ಬಜಾರ್ ಓದುಗ

1985ರಲ್ಲಿ ಬಳ್ಳಾರಿಯಲ್ಲಿ ಮಾಡಿದ್ದು ಅದನ್ನೇ ಅಕ್ಕಾ. ಆಮೇಲೆ ನಿಮ್ಹಾನ್ಸ್‌ನವರು 2005ರಿಂದ ಶಿವಮೊಗ್ಗದ ತೀರ್ಥಹಳ್ಳಿ ತಾಲೂಕಿನಲ್ಲಿ ಸ್ಕಿಜೋಫ್ರೀನಿಯಾ ಇರುವವರನ್ನು ಹಳ್ಳಿ ಹಳ್ಳಿಯಲ್ಲಿ ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡಿದ್ದಾರೆ. ಮಲೆನಾಡಿನ ಒಂಟಿ ಮನೆಗಳಿಗೆ ತಲುಪಲು ಆಗಿದೆ ಅಂದಮೇಲೆ ನಮ್ಮ ಬಯಲಿನ ಊರಿಗೆ ಯಾಕೆ ಆಗುವುದಿಲ್ಲ?


ರಾಯಚೂರು ವಕೀಲೆ

ಕಾನೂನಿನ ಬಲ ಬೇಕಾದವರಿಗೆ. ಮಾನಸಿಕ ಆರೋಗ್ಯ ಕಾಯ್ದೆ 2017, ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಹಕ್ಕು, ಉಪಕಾರ ಅಲ್ಲ. ಬಡತನ ರೇಖೆಗಿಂತ ಕೆಳಗಿನವರಿಗೆ ಅದು ಉಚಿತವಾಗಿರಬೇಕು. ಸರಪಳಿ ಹಾಕುವುದು ನಿಷೇಧ. ಆರೋಗ್ಯ ವಿಮೆಯವರು ಮನೋರೋಗವನ್ನು ಬೇರೆ ಕಾಯಿಲೆಯಂತೆಯೇ ನೋಡಬೇಕು. ಬೀದಿಯಲ್ಲಿ ಸಿಕ್ಕ ರೋಗಿಯನ್ನು ಪೊಲೀಸರು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಆಸ್ಪತ್ರೆಗೆ ತಲುಪಿಸಬೇಕು. ಜೀವಕ್ಕೆ ಅಪಾಯ ಇರುವ ತುರ್ತಿನಲ್ಲಿ ಯಾವ ನೋಂದಾಯಿತ ವೈದ್ಯರಾದರೂ ಚಿಕಿತ್ಸೆ ಶುರು ಮಾಡಬಹುದು, 72 ಗಂಟೆಯವರೆಗೆ. ಆದ್ದರಿಂದ "ನಮ್ಮಲ್ಲಿ ಮನೋವೈದ್ಯರಿಲ್ಲ" ಅಂತ ಬಾಗಿಲಲ್ಲೇ ವಾಪಸ್ಸು ಕಳಿಸಿದರೆ ಈ ಕಲಮನ್ನು ನೆನಪಿಸಿ.

ಕಾಯಿಲೆ ದೀರ್ಘವಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೂಡ ಅನ್ವಯಿಸುತ್ತದೆ. ಶೇ 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಸಿಕ್ಕರೆ ಸವಲತ್ತುಗಳಿವೆ. ಮೊದಲ ವರ್ಷದಲ್ಲೇ ಅದಕ್ಕೆ ಓಡಬೇಕಾಗಿಲ್ಲ, ಅನೇಕರಿಗೆ ಅದರ ಅಗತ್ಯವೇ ಬರುವುದಿಲ್ಲ.


ಗಂಗಾವತಿ ಮೇಷ್ಟ್ರು

ಕರಡು ಬರೆಯುತ್ತಿದ್ದೇನೆ. ನನಗೆ ಎದ್ದು ಕಂಡದ್ದು ಇದು. ನಮ್ಮ ಹತ್ತಿರ ಕಟ್ಟಡಗಳಿವೆ. ಬಳ್ಳಾರಿಯಲ್ಲಿ ವಿಮ್ಸ್ ಅಂತ ನಾವೆಲ್ಲ ಕರೆಯುವ ವೈದ್ಯಕೀಯ ಕಾಲೇಜು, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಹತ್ತಿರದ ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ. ಮಂಗಳವಾರದ ಕ್ಲಿನಿಕ್ ಇದೆ, ಫೋನಿನಲ್ಲೇ ಸಲಹೆ ಕೊಡುವ ಟೆಲಿ ಮಾನಸ್ ಇದೆ. ಬೆನ್ನು ಹತ್ತಿ ವಿಚಾರಿಸುವವರು ಇಲ್ಲ. ಸಿಂಧನೂರಿನ ತಾಯಿ ಬರೆದ ಆ ಒಂದು ಫೋನ್ ಕರೆ ಇಲ್ಲ. ಹಾಗಾಗಿ ನಮ್ಮ ಮೊದಲ ಬೇಡಿಕೆ: ಪ್ರತಿ ತಾಲೂಕಿಗೆ ಒಬ್ಬರು, 15ರಿಂದ 30 ವಯಸ್ಸಿನ ಹೊಸ ರೋಗಿಗಳ ಪಟ್ಟಿ ಇಟ್ಟುಕೊಂಡು ಎರಡು ವರ್ಷ ಫೋನಿನಲ್ಲಿ, ಮನೆಯಲ್ಲಿ, ಕಾಲೇಜಿನಲ್ಲಿ ಅವರನ್ನು ಬಿಡದೆ ವಿಚಾರಿಸುವವರು. ಮೂರೂ ಕಾಲೇಜು ಆಸ್ಪತ್ರೆಗಳಲ್ಲಿ ವಾರಕ್ಕೊಂದು ಮಧ್ಯಾಹ್ನ ಇವರಿಗಾಗಿಯೇ, ಹಳೆಯ ರೋಗಿಗಳ ಸಾಲಿನಲ್ಲಿ ನಿಲ್ಲಿಸದೆ.

ಎರಡನೆಯದು ಪ್ರಚಾರ. ನಾರ್ವೆಯ ರೋಗಾಲ್ಯಾಂಡ್ ಅನ್ನುವ ಪ್ರದೇಶದಲ್ಲಿ ಪತ್ರಿಕೆ, ರೇಡಿಯೊ, ಶಾಲೆಗಳ ಮೂಲಕ ಈ ಲಕ್ಷಣಗಳನ್ನು ಜನರಿಗೆ ತಿಳಿಸಿ, ಫೋನ್ ಮಾಡಿದ ಕೂಡಲೇ ನೋಡುವ ತಂಡ ಇಟ್ಟರು. ಚಿಕಿತ್ಸೆ ಸಿಗುವ ಮೊದಲಿನ ಕಾಲ ಅಲ್ಲಿ ಸುಮಾರು 5 ವಾರಕ್ಕೆ ಇಳಿಯಿತು, ಪ್ರಚಾರ ಇಲ್ಲದ ಕಡೆ 16 ವಾರ ಇತ್ತು. ಪ್ರಚಾರ ನಿಲ್ಲಿಸಿದ ಮೇಲೆ ಮತ್ತೆ 15 ವಾರಕ್ಕೆ ಏರಿತು. ಒಂದು ದಿನದ ಜಾಥಾ ಮಾಡಿ ಫೋಟೊ ತೆಗೆಸಿದರೆ ಸಾಲದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ನಾನು ಕೊಪ್ಪಳ ಜಿಲ್ಲೆಯ ಉಪನ್ಯಾಸಕರ ಗುಂಪಿನಲ್ಲಿ ಈ ಮಾತು ತೆಗೆಯುತ್ತೇನೆ. ಹಾಜರಿ ಕಡಿಮೆ ಆದ ಮಗುವಿನ ಹೆಸರು ಹೊಡೆದು ಹಾಕುವ ಮೊದಲು ಒಂದು ಸಲ ಮನೆಗೆ ಹೋಗಿ ಬರುವುದು ನಮ್ಮ ಕೈಯಲ್ಲೇ ಇದೆ.


ಕುಷ್ಟಗಿ ಹೊಸಬ

ಕ್ಷಮಿಸಿ, ಮಾತಿನ ನಡುವೆ ಬರುತ್ತಿದ್ದೇನೆ. ನನ್ನ ತಮ್ಮ, ಐಟಿಐ ಹುಡುಗ. ಎರಡು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಕಿಟಕಿಗೆಲ್ಲ ಪೇಪರ್ ಅಂಟಿಸಿದ್ದಾನೆ. ನಿನ್ನೆಯಿಂದ ಊಟ ಮಾಡುತ್ತಿಲ್ಲ, ವಿಷ ಇದೆ ಅಂತಾನೆ. ಅಪ್ಪ ಅವನನ್ನು ಕಟ್ಟಿ ಹಾಕೋಣ ಅನ್ನುತ್ತಿದ್ದಾರೆ. ಇವತ್ತು ನಾನು ಏನು ಮಾಡಲಿ?


ವಾರ್ಡ್ ನರ್ಸ್

ಕಟ್ಟಬೇಡಿ. ಈಗಲೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲಿ ಬರೆದದ್ದನ್ನೇ ಅವರಿಗೆ ಹೇಳಿ.

ಜ್ವರ ಇದೆಯಾ, ಫಿಟ್ಸ್ ಬಂದಿತ್ತಾ, ತಲೆಗೆ ಪೆಟ್ಟು ಬಿದ್ದಿತ್ತಾ ನೋಡಿ. ಯಾವುದಾದರೂ ಇದ್ದರೆ ಅಥವಾ ಸಾಯುವ, ಹೊಡೆಯುವ ಮಾತಾಡಿದರೆ ತಡ ಬೇಡ. 108 ಕರೆದು ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅದ್ಯಾವುದೂ ಇಲ್ಲದಿದ್ದರೂ ಊಟ ಬಿಟ್ಟಿದ್ದಾನೆ, ನಿದ್ದೆ ಇಲ್ಲ, ಹಾಗಾಗಿ ಮಂಗಳವಾರದ ತನಕ ಕಾಯಬೇಡಿ. ಇವತ್ತಾಗದಿದ್ದರೆ ನಾಳೆ ಬೆಳಗ್ಗೆ ಕೊಪ್ಪಳದ ಕಿಮ್ಸ್‌ನ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ.

ವಿಷ ಇಲ್ಲ ಅಂತ ವಾದ ಮಾಡಬೇಡಿ. ಅವನ ಎದುರಿಗೇ ಒಡೆದ ಎಳನೀರು, ಸುಲಿಯದ ಬಾಳೆಹಣ್ಣು, ಸೀಲ್ ಇರುವ ಬಿಸ್ಕೆಟ್ ಕೊಟ್ಟು ನೋಡಿ. "ನಿದ್ದೆ ಇಲ್ಲದೆ ಸುಸ್ತಾಗಿದ್ದೀಯ, ನಿದ್ದೆಗೆ ತೋರಿಸಿಕೊಂಡು ಬರೋಣ" ಅನ್ನಿ. ಅದು ನಿಜವೇ ತಾನೇ. ಅವನು ನಂಬುವ ಒಬ್ಬರನ್ನು ಮಾತ್ರ ಜೊತೆಗೆ ಕರೆದುಕೊಳ್ಳಿ, ಹತ್ತು ಜನ ಸುತ್ತುವರಿಯಬೇಡಿ. ಮನೆಯಲ್ಲಿ ಕೀಟನಾಶಕ, ಕುಡಗೋಲು ಇದ್ದರೆ ಸದ್ದಿಲ್ಲದೆ ಬೇರೆ ಮನೆಗೆ ಕಳಿಸಿ. ರಾತ್ರಿ ಅವನ ಜೊತೆ ಯಾರಾದರೂ ಇರಲಿ.

ಹೋಗುವಾಗ ಆಧಾರ್, ರೇಷನ್ ಕಾರ್ಡ್ ಇಟ್ಟುಕೊಳ್ಳಿ. ಯಾವಾಗ ಶುರುವಾಯಿತು, ಮೊದಲು ಏನು ಬದಲಾಯಿತು, ಗಾಂಜಾ ಅಥವಾ ಬೇರೆ ಏನಾದರೂ ತಗೊಳ್ಳುತ್ತಿದ್ದನಾ, ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅಲ್ಲಿ ಮರೆತು ಹೋಗುತ್ತದೆ.


ತೋರಣಗಲ್ಲು ಫಿಟ್ಟರ್

ಕುಷ್ಟಗಿ ಅಣ್ಣಾ, ಅಪ್ಪನಿಗೆ ಫೋನ್ ಕೊಡುವ ಹಾಗಿದ್ದರೆ ಹೇಳಿ. ನನಗೆ ಹೀಗೇ ಆಗಿತ್ತು, ಈಗ ಕೆಲಸ ಮಾಡ್ತಿದ್ದೀನಿ ಅಂತ ನಾನೇ ಅವರಿಗೆ ಹೇಳುತ್ತೇನೆ. ನಂಬರನ್ನು ಖಾಸಗಿಯಾಗಿ ಕಳಿಸಿದ್ದೇನೆ.


ಕುಷ್ಟಗಿ ಹೊಸಬ

14416ರವರ ಜೊತೆ ಮಾತಾಡಿದೆ. ನಾಳೆ ಬೆಳಗಿನ ಮೊದಲ ಬಸ್ಸಿಗೆ ಕೊಪ್ಪಳಕ್ಕೆ ಹೊರಡುತ್ತೇವೆ. ಸೋದರತ್ತೆಯ ಮಗ ಬರುತ್ತಾನೆ, ತಮ್ಮ ಅವನ ಮಾತು ಕೇಳುತ್ತಾನೆ. ಫಿಟ್ಟರ್ ಅಣ್ಣಾ, ರಾತ್ರಿ ಎಂಟಕ್ಕೆ ಅಪ್ಪನ ಕೈಗೆ ಫೋನ್ ಕೊಡುತ್ತೇನೆ.